ವಾರ್ನಿಷ್‌ನಲ್ಲಿ ಸಿಕ್ಕ ಕೂದಲು

"ಯಾವ ಮುಂಡೇದೇ ಈ ಕೂದಲು?"

ಮಾಲೀಕ ಕ್ಯಾನ್ವಾಸನ್ನು ನಮ್ಮ ಮೂತಿಗೆ ಹಿಡಿದ. ಅಚ್ಚು ಹಾಕಿದ ಸಮುದ್ರದ ಚಿತ್ರ. ಬಣ್ಣ ಮಾಸದಿರಲಿ ಎಂದು ನಾವು ಹೊಡೆದಿದ್ದ ವಾರ್ನಿಷ್ ಒಣಗಿತ್ತು, ಅದರೊಳಗೆ ಉದ್ದನೆಯ ನರೆಗೂದಲು ಸಿಕ್ಕಿಕೊಂಡಿತ್ತು. ಆ ಕೋಣೆಯಲ್ಲಿ ಕೆಲಸ ಮಾಡುವವರು ನಾನು ಮತ್ತು ಅಕ್ಕ, ಇಬ್ಬರೇ. ನನ್ನ ತಲೆ ಇನ್ನೂ ಕಪ್ಪು. ಕೇಳುವುದೇನಿತ್ತು ಅವನಿಗೆ? ಅವಳ ಬಾಯಿಂದಲೇ ಹೊರಡಿಸಬೇಕಿತ್ತು, ಅಷ್ಟೇ.

"ನಂದೇ ಸಾರ್," ಎಂದಳು ಅಕ್ಕ.

"ಗಿರಾಕಿ ಗೋಡೆ ಮೇಲೆ ನಿನ್ನ ಕೂದಲು ನೋಡ್ಕೊಂಡು ಕೂರ್ಬೇಕೇನೇ? ತಲೆಗೆ ಪ್ಲಾಸ್ಟಿಕ್ ಕಟ್ಕೋ. ಕಿಟಕಿಗೆ ಟೇಪ್ ಹೊಡೀರಿ. ಫ್ಯಾನೂ ಬೇಡ, ಧೂಳೆಳ್ಕೊಂಡು ಬರುತ್ತೆ."

"ಉಸಿರಾಡೋದು ಹೆಂಗೆ ಸಾರ್?" ಎಂದೆ.

"ಮೂಗಲ್ಲಿ!" ತನ್ನ ಮಾತಿಗೆ ತಾನೇ ನಕ್ಕು ಹೋದ. ನಾನು ಕಿಟಕಿಗೆ ಟೇಪ್ ಹೊಡೆದೆ, ಅಕ್ಕ ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡಳು.

ಅಕ್ಕ ವಾರ್ನಿಷ್ ಎರಚುವ ಗನ್ನು ಹಿಡಿದು ಶುರುಮಾಡಿದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಮಧ್ಯೆ ಕೈ ನಿಂತರೆ ಅಲ್ಲೇ ಸೋರಿ ಗೆರೆ ಬೀಳುತ್ತದೆ. ಅದಕ್ಕೇ ಕೆಮ್ಮು ಬಂದರೆ ನುಂಗಿಕೊಂಡು, ಸಾಲಿನ ಕೊನೆ ಮುಟ್ಟಿದ ಮೇಲೆ ಕೆಮ್ಮುತ್ತಾಳೆ. ಈಗೀಗ ಮನೆಯಲ್ಲೂ ಅಷ್ಟೇ, ಕಸ ಗುಡಿಸುವಾಗ ಆ ಮೂಲೆ ತಲುಪುವ ತನಕ ಕೆಮ್ಮು ತಡೆದಿರುತ್ತಾಳೆ.

ಕೋಣೆಯೆಲ್ಲ ವಾರ್ನಿಷ್ ಘಾಟು ಕವಿಯಿತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಗೆ ಹೋದೆ, ಕಿಟಕಿಗೆ ಹೋದೆ, ಟೇಪಿನ ತುದಿ ಕೆರೆದು ಬಿಟ್ಟೆ.

"ಸಾಕು ಬಾರೇ ಅಕ್ಕ, ಹೊರಗೆ ಹೋಗೋಣ."

"ತಾಳೇ, ಇದೊಂದು ಸಾಲು. ನಿಂತ್ರೆ ಸೋರುತ್ತೆ."

ಸಾಲು ಮುಗಿಯಲಿಲ್ಲ. ಗನ್ನು ಕೆಳಗೆ ಬಿತ್ತು. ಅಕ್ಕ ಗೋಡೆ ಸವರಿಕೊಂಡು ಕುಸಿದಳು, ತುಟಿ ನೀಲಿಗಟ್ಟಿತ್ತು. ಅವಳ ತಲೆಯ ಪ್ಲಾಸ್ಟಿಕ್ ಕಿತ್ತೆಸೆದು, ಟೇಪನ್ನು ಪರಪರ ಹರಿದು ಕಿಟಕಿ ತೆರೆದೆ. ಫ್ಯಾನ್ ಹಾಕಿ ಅವಳನ್ನು ಕಿಟಕಿಯ ಬುಡಕ್ಕೆ ಎಳೆದು ಕೂರಿಸಿದೆ. ಬೀದಿಯ ಧೂಳು ನುಗ್ಗಿ ಬಂದು ಹಸಿ ಚಿತ್ರಗಳ ಮೇಲೆ ಕೂತಿತು.

ಮಾಲೀಕ ಓಡಿಬಂದ. "ಅಯ್ಯೋ ನನ್ನ ಮಾಲು! ಮುಚ್ಚೇ ಕಿಟಕಿ, ಬೋಸುಡಿ!"

"ಅಕ್ಕನ್ನ ನೋಡೋ ಮೊದ್ಲು!"

ನೋಡಲಿಲ್ಲ. ಅವಳ ಕಾಲು ದಾಟಿಕೊಂಡೇ ಚಿತ್ರಗಳ ಹತ್ತಿರ ಹೋಗಿ, ಬಗ್ಗಿ ಧೂಳು ಊದತೊಡಗಿದ.

ನಾನು ತುರುಬು ಬಿಚ್ಚಿದೆ. ಕೈಗೆ ಸಿಕ್ಕಷ್ಟು ಕೂದಲು ಕಿತ್ತು, ಅವನ ಮೂಗಿನ ಮುಂದೆಯೇ ಹಸಿ ಸಮುದ್ರಕ್ಕೆ ಒತ್ತಿದೆ.

"ಇದು ನಂದು. ಯಾರ್ದು ಅಂತ ಕೇಳ್ಬೇಡ."

ಅವನು ಕೈ ಎತ್ತಿದ. ನಾನು ಪಕ್ಕದ ಚಿತ್ರಕ್ಕೂ ಒತ್ತಿದೆ. ಬೆನ್ನ ಹಿಂದೆ ಅಕ್ಕ ಕೆಮ್ಮುತ್ತಿದ್ದಳು, ಯಾವ ಸಾಲಿನ ಕೊನೆಗೂ ಕಾಯದೆ.