ಒಸಡಿಗೊಂದು ವ್ಯಾಖ್ಯಾನ

ಮುಳಬಾಗಿಲಿನ ಮುರಳಿಮೋಹನ್ ಕಾವ್ಯ ಹಾಡುವವರು; ಪಕ್ಕದಲ್ಲಿ ಕೂತು ಅರ್ಥ ಬಿಡಿಸುವವರು ಅವರ ಅಕ್ಕ ರಾಮಲಕ್ಷ್ಮಮ್ಮ. ಒಬ್ಬರಿಲ್ಲದೆ ಇನ್ನೊಬ್ಬರನ್ನು ಊರು ಕೇಳಿದ್ದಿಲ್ಲ. ಈಚೆಗೆ ತಮ್ಮನ ಕೆಳಸಾಲಿನ ಮುಂದಿನ ಹಲ್ಲುಗಳೆರಡು ಅಲ್ಲಾಡತೊಡಗಿ, ಪದ್ಯದಲ್ಲಿ ಸೀತೆ ಬಂದಲ್ಲೆಲ್ಲ ಸೀಟಿ ಬರುತ್ತಿತ್ತು. ಅವು ಬಿದ್ದೇ ಹೋದರೆ ಹಾಡಿಕೆ ಮುಗಿದಂತೆಯೇ ಎಂದು ಹೆದರಿ ಅಕ್ಕನ ಜೊತೆ ಆಸ್ಪತ್ರೆಗೆ ಬಂದರು.

ದಂತವೈದ್ಯೆ ಹಜೀರಾ ಸಣ್ಣ ಕಡ್ಡಿ ಇಳಿಸಿ ಒಸಡಿನ ಆಳ ನೋಡಿದರು. "ಬುಡದಲ್ಲಿ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ ಸಾರ್. ಈಗ ಕೆರೆದು ತೆಗೆದ್ರೆ ಹಲ್ಲು ಉಳಿಯಬಹುದು."

ತಟ್ಟೆಯಲ್ಲಿ ಹೊಳೆಯುತ್ತಿದ್ದ ಉಕ್ಕಿನ ಕೊಕ್ಕೆಗಳನ್ನು ಕಂಡು ಮುರಳಿಮೋಹನ್ ಬೆವತರು. "ಲೇಸರ್ ಹಾಕ್ಬಿಡಮ್ಮ. ಮಾಲೂರಲ್ಲಿ ನಮ್ಮ ಷಡ್ಡಕ ಹಾಕಿಸ್ಕೊಂಡ್ನಂತೆ. ನೋವೇ ಇಲ್ವಂತೆ, ಬರೀ ಬೆಳಕಂತೆ!"

"ನನ್ನ ಹತ್ರಾನೂ ಇದೆ. ಆದ್ರೆ ಈ ಲೇಸರ್ ಗಾರೆ ಕೀಳಲ್ಲ. ಕೆರೆದ ಮೇಲೆ ಜೊತೆಗೆ ಬಳಸಬಹುದು, ಅದರಿಂದ ದೊಡ್ಡ ಲಾಭ ಅಂತ ನಾನು ಆಣೆ ಇಡಲ್ಲ."

ರಾಮಲಕ್ಷ್ಮಮ್ಮ ತಕ್ಷಣ ಅರ್ಥ ಹೇಳಿದರು. "ತಳ ಹಿಡಿದ ಪಾತ್ರೇನ ಬಿಸಿಲಿಗಿಟ್ರೆ ಬೆಳಗುತ್ತೇನೋ? ತಿಕ್ಕಬೇಕು ಕಣೋ!"

ಹಜೀರಾ ಮರಗಟ್ಟಿಸುವ ಸೂಜಿ ಕೊಟ್ಟರು. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ."

ಕೆರೆಯುವುದು ಶುರುವಾಯಿತು. ಎಡಗೈ ಎದ್ದಿತು. ಹಜೀರಾ ನಿಲ್ಲಿಸಿದರು. "ನೋವಾ?" ಇಲ್ಲವೆಂದು ತಲೆಯಾಡಿತು. ಮತ್ತೆ ಶುರು, ಮತ್ತೆ ಕೈ.

"ಏನಮ್ಮ ಇದು?" ಹಜೀರಾ ಅಕ್ಕನತ್ತ ತಿರುಗಿದರು.

"ಭಯಕ್ಕೆ ಮನಸ್ಸಲ್ಲೇ ಹಾಡ್ಕೊಂತಿದಾನೆ. ಸ್ವರ ಏರಿದ್ರೆ ಕೈ ಏರುತ್ತೆ. ಯಾವುದು ಹಾಡು, ಯಾವುದು ನೋವು ಅಂತ ನಾನು ಹೇಳ್ತೀನಿ, ನೀವು ಕೆರೀರಿ." ರಾಮಲಕ್ಷ್ಮಮ್ಮ ಕುರ್ಚಿಯ ಪಕ್ಕ ನಿಂತರು. "ಇದು ಆಲಾಪ. ಇದೂ ಆಲಾಪ. ಈಗ ಯುದ್ಧಕ್ಕೆ ಹೊರಟ, ಬಿಡಬೇಡಿ!"

ಕೈ ಇನ್ನೂ ಮೇಲೇರಿ ನಡುಗಿತು. ಕಾಲ್ಬೆರಳುಗಳು ಮುದುಡಿದವು.

"ಕರುಣರಸ," ಎಂದರು ರಾಮಲಕ್ಷ್ಮಮ್ಮ ತನ್ಮಯರಾಗಿ. "ಎಷ್ಟು ಚೆನ್ನಾಗಿ ಬರ್ತಿದೆ!"

ಮುರಳಿಮೋಹನ್ ಅಕ್ಕನ ಸೆರಗನ್ನೇ ಜಗ್ಗಿದರು.

"ಅಯ್ಯೋ, ಇದು ನೋವು! ನಿಲ್ಸಿ, ನಿಲ್ಸಿ!"

ಬಾಯಿ ಬಿಡುಗಡೆಯಾದದ್ದೇ ಮುರಳಿಮೋಹನ್ ಸಿಡಿದರು. "ನನ್ನ ಪ್ರಾಣ ಹೋಗ್ತಿದ್ರೆ ರಸ ಹುಡುಕ್ತೀಯೇನಕ್ಕಾ? ನಾನು ಮನೆಗೆ ಹೋಗ್ತೀನಿ!"

"ಹೋಗು. ಆ ಎರಡು ಹಲ್ಲು ಬಿದ್ಮೇಲೆ ನೀನು ಸೀಟಿ ಊದು, ನಾನು ಅರ್ಥ ಹೇಳ್ತೀನಿ. ಜನ ಬರ್ತಾರೇನೋ ನೋಡೋಣ."

ಮುರಳಿಮೋಹನ್ ನಾಲಿಗೆ ತುದಿಯಿಂದ ಹಲ್ಲನ್ನು ಮುಟ್ಟಿ ನೋಡಿದರು. ಅಲ್ಲಾಡಿತು. ಚಪ್ಪಲಿಗೆ ಚಾಚಿದ್ದ ಕಾಲನ್ನು ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿ, ತಾವಾಗಿಯೇ ಬಾಯಿ ತೆರೆದರು. ಹಜೀರಾ ಇನ್ನೊಂದಿಷ್ಟು ಮದ್ದು ಕೊಟ್ಟು ಕೆಲಸ ಮುಗಿಸಿದರು. ಲೇಸರ್ ಮೂಲೆಯಲ್ಲೇ ಉಳಿಯಿತು.

ಕೆಲವು ವಾರಗಳ ನಂತರ ತಪಾಸಣೆ. ಒಸಡಿನ ರಕ್ತ ನಿಂತಿತ್ತು. ಹಜೀರಾ ಹಲ್ಲಿನ ಮೇಲೆ ಬೆರಳಿಟ್ಟು ಅಲ್ಲಾಡಿಸಿದರು.

"ಬಿಗಿಯಾಗ್ತಿದೆ ಸಾರ್. ದಿನಾ ಸಂದಿ ಕ್ಲೀನ್ ಮಾಡ್ಕೊಂಡ್ರೆ ಉಳ್ಕೊಳುತ್ತೆ."

ಮುರಳಿಮೋಹನರ ಕಣ್ಣು ತುಂಬಿತು. ಆ ಸಂತೋಷ ಕೊರಳಿಗೇರಿ ಪದ್ಯವಾಯಿತು; ಹಾಡತೊಡಗಿದ ಬಾಯಿ ಗಬಕ್ಕನೆ ಮುಚ್ಚಿ ತೆರೆಯಿತು.

"ಸಾರ್, ಸಾರ್! ನನ್ನ ಬೆರಳು ಇನ್ನೂ ಒಳಗಿದೆ!"