ಪೊಕುವಾಳ ಕಣ್ಣಂಚು

ಕುಮಾಸಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಿಕೆ ಓದುವವರ ಪರೀಕ್ಷೆ ಬಂತೆಂದರೆ, ಅವರೆದುರು ರೋಗಿಯಾಗಿ ಕೂರಲು ಬಟ್ಟೆ ಹೊಲಿಯುವ ಪೊಕುವಾಗೆ ಕರೆ ಬರಲೇಬೇಕು. ಮಿದುಳಿನ ಬುಡದಲ್ಲೊಂದು ಗಂಟು ಕೂತು, ಬೆಳೆಯುವ ವಯಸ್ಸು ಮುಗಿದ ಮೇಲೂ ಅವಳನ್ನು ಬೆಳೆಸುತ್ತಲೇ ಇತ್ತು. ಮೊರದಗಲದ ಕೈ, ಮುಂದೆ ಚಾಚಿದ ದವಡೆ, ಬೆರಳಿಗೆ ಏರದ ಮದುವೆಯುಂಗುರ. "ಗಂಟು ಕಣ್ಣಿನ ನರ ಒತ್ತದೆ ಕಣ್ಣು ಸರಿಯಿರೋವರೆಗೆ ಮಾತ್ರೆ ಸಾಕು, ಆಪರೇಷನ್‌ಗೆ ಅವಸರವಿಲ್ಲ" ಎಂದಿದ್ದರು ಡಾಕ್ಟರ್ ಅಂಪೋಫೊ. ಪರೀಕ್ಷೆಯ ದಿನಕ್ಕೆ ಮಾತ್ರ ಅವರದೊಂದು ಕಟ್ಟಪ್ಪಣೆ: "ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನೀನಾಗಿ ಬಾಯಿ ಬಿಟ್ಟೀಯಾ, ಜೋಕೆ!"

ಈ ಸಲ ಅವಳಿಗೆ ಭಯವಾಗಿತ್ತು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಪಕ್ಕದಿಂದ ಬಂದ ಟ್ರೊಟ್ರೊ ವ್ಯಾನು ಕಾಣದೆ ಅಡ್ಡ ಹೋಗಿ, "ಕಣ್ಣೇನು ಸಂತೇಲಿ ಮಾರ್ಕೊಂಡ್ಯಾ?" ಎಂದು ಡ್ರೈವರನಿಂದ ಉಗಿಸಿಕೊಂಡಿದ್ದಳು. ಬೇರೆ ದಿನ ಡಾಕ್ಟರು ಸಿಗುವವರಲ್ಲ, ಮಾತ್ರೆ ಕೊಡುವ ಕಿಟಕಿಯಲ್ಲಿ ಯಾರೂ ತಲೆಯೆತ್ತಿ ನೋಡುವವರಲ್ಲ. ಇವತ್ತು ಯಾರಾದರೂ ಕಣ್ಣಿನ ವಿಚಾರ ಕೇಳಿದರೆ ಹೇಳಿಬಿಡೋಣ ಎಂದು ಕಾದು ಕೂತಳು.

ಕೇಳಬೇಕಲ್ಲ ಮಹಾನುಭಾವರು! ಒಬ್ಬೊಬ್ಬ ವಿದ್ಯಾರ್ಥಿಯೂ ಬರುವುದು, ಕೈ ನೋಡುವುದು, ದವಡೆ ನೋಡುವುದು, "ಆಕ್ರೋಮೆಗಲಿ!" ಎಂದು ರೋಗದ ಹೆಸರು ಒದರುವುದು. ಅಂಪೋಫೊ ಶಭಾಷ್ ಅನ್ನುವುದು, ಮುಂದಿನವರನ್ನು ಕರೆಯಲು ಗಂಟೆ ಬಾರಿಸುವುದು. ಪೊಕುವಾಗೆ ಅಳು ಬರುವಂತಾಯಿತು.

ಕೊನೆಗೆ ಬಂದವಳು ಜಿಫಾ ಎಂಬ ಹುಡುಗಿ. ರೋಗದ ಹೆಸರು ಹೇಳಲು ಧೈರ್ಯ ಸಾಲದೆ ಒಂದೊಂದೇ ಕೇಳುತ್ತ ಹೋದಳು.

"ಅಮ್ಮಾ, ಚಪ್ಪಲಿ ಅಳತೆ ದೊಡ್ಡದಾಯ್ತಾ? ತಲೆನೋವು ಬರುತ್ತಾ? ಜಾಸ್ತಿ ಬೆವರ್ತೀರಾ?" ಆಮೇಲೆ ಎರಡೂ ಪಕ್ಕಕ್ಕೆ ಕೈ ಚಾಚಿದಳು. "ನನ್ ಮೂಗನ್ನೇ ನೋಡ್ತಿರಿ. ಬೆರಳು ಕಂಡಾಗ ಹೇಳಿ."

ಬೆರಳು ಒಳಗೆ, ಇನ್ನೂ ಒಳಗೆ ಬಂತು. ಹುಡುಗಿಯ ಕಿವಿಯ ಹತ್ತಿರ ಬಂದಾಗ ಪೊಕುವಾ "ಈಗ" ಎಂದಳು. ಅಷ್ಟರಲ್ಲಿ ಹೊತ್ತು ಮುಗಿದ ಗಂಟೆಯಾಯಿತು.

"ರೋಗದ ಹೆಸರೇ ಹೇಳ್ಲಿಲ್ಲವಲ್ಲಮ್ಮಾ! ಇಷ್ಟು ದೊಡ್ಡ ಕೈ ಕಾಣ್ಲಿಲ್ವಾ ನಿಂಗೆ?" ಅಂಪೋಫೊ ರೇಗಿದರು.

"ಸರ್, ಇವರಿಗೆ ಎರಡೂ ಪಕ್ಕ ಕಾಣ್ತಿಲ್ಲ."

"ಏನ್ ಮಾತೂಂತ ಆಡ್ತೀಯ? ಇವಳ ಕಣ್ಣು ಚೆನ್ನಾಗೇ ಇದೆ" ಎನ್ನುತ್ತ ತಾವೇ ಬೆರಳು ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಮುಖ ಇಳಿದುಹೋಯಿತು.

"ಯಾವಾಗಿಂದ?"

"ಹೋದ ಪರೀಕ್ಷೆಯಿಂದ್ಲೇ, ಡಾಕ್ಟ್ರೇ."

"ಹೇಳೋಕೇನಾಗಿತ್ತು?"

"ಕೇಳದೆ ಹೇಳಬೇಡ ಅಂತ ನೀವೇ ಅಂದಿದ್ರಲ್ಲ." ಪೊಕುವಾ ಮುಂದಕ್ಕೆ ಬಾಗಿದಳು. "ಈಗ ಆಪರೇಷನ್ ಮಾಡಿದ್ರೆ, ಹೋದ ಕಣ್ಣು ವಾಪಸ್ ಬರುತ್ತಾ?"

ಜಿಫಾ ಅವಳ ದೊಡ್ಡ ಕೈಯನ್ನು ಹಿಡಿದುಕೊಂಡಳು. ಕೇಳಿದ್ದಕ್ಕೆ ಅಂಪೋಫೊ ಉತ್ತರ ಕೊಡಲಿಲ್ಲ.