ಅವಳ ಪುಸ್ತಕದ ಅಂಚು

ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು ನಾನು. ಚಿಂದಿಯಾದ ಪುಸ್ತಕ ಕೊಟ್ಟರೂ ಅಂಗಡಿಯಿಂದ ಆಗತಾನೇ ತಂದ ಹಾಗೆ ಮಾಡಿಕೊಡುತ್ತೇನೆ. ಜಂಬವಲ್ಲ, ಊರಿಗೇ ಗೊತ್ತಿರುವ ಸಂಗತಿ. ನಮ್ಮ ಚರ್ಚಿನ ಸಭೆಯಲ್ಲಿ ಮಾತ್ರ ನನಗೆ ಬೇರೆ ಹೆಸರಿದೆ: ನಂಬರ್ ಮಾಸ್ತರ್. ಪಾದ್ರಿಗಳು ಪ್ರಸಂಗದ ಮಧ್ಯೆ ಬೈಬಲಿನ ಹನ್ನೆರಡನೆಯ ವಚನವನ್ನು ಹದಿಮೂರು ಅಂದರೆ ಸಾಕು, ಕೂತಲ್ಲಿಂದಲೇ ಗಂಟಲು ಸರಿಮಾಡಿಕೊಳ್ಳುತ್ತೇನೆ. ಪಾಪ, ಈಗೀಗ ಅವರು ನಂಬರ್ ಹೇಳುವ ಮುಂಚೆ ನನ್ನ ಮುಖ ನೋಡುತ್ತಾರೆ.

ಮಕ್ಕಳಿಗೆ ವೇದ, ಅಂದರೆ ನಮ್ಮ ಬೈಬಲ್, ಕಲಿಸಿದ್ದೂ ಹೀಗೆಯೇ. ಬೆಳಿಗ್ಗೆ ತಿಂಡಿಗೆ ಮುಂಚೆ ಮಗ, ಮಗಳು ಇಬ್ಬರೂ ಕೈಕಟ್ಟಿ ನಿಂತು ಐದು ವಚನ ಒಪ್ಪಿಸಬೇಕು. ಒಂದು ಪದ ತಪ್ಪಿದರೆ ಮತ್ತೆ ಮೊದಲಿಂದ. ಮಗ ಜಾಣ. ಗಿಣಿಯ ಹಾಗೆ ಒಪ್ಪಿಸಿ, ದೊಡ್ಡವನಾದ ಮೇಲೆ ಎಲ್ಲವನ್ನೂ ಅಷ್ಟೇ ಸಲೀಸಾಗಿ ಮರೆತ. ಮಗಳು ಮೊಂಡಿ, ನನ್ನದೇ ರಕ್ತ. ಹತ್ತೊಂಬತ್ತು ತುಂಬಿದ ವರ್ಷ ಒಂದು ಬೆಳಿಗ್ಗೆ, "ತಪ್ಪು ಹುಡುಕೋದು ಬಿಟ್ಟು ನಿಮ್ಮ ದೇವರಿಗೆ ಬೇರೆ ಕೆಲಸ ಇಲ್ವಾ ಅಪ್ಪ?" ಅಂದಳು. ನಾನು ಕೈ ಎತ್ತಿದೆ. ಆ ವಾರವೇ ಹಾಸ್ಟೆಲ್ ಸೇರಿದವಳು ಆಮೇಲೆ ಚರ್ಚಿನ ಮೆಟ್ಟಿಲು ತುಳಿಯಲಿಲ್ಲ. ಇದಾಗಿ ಇಪ್ಪತ್ತು ವರ್ಷ.

ನನ್ನ ಹೆಂಡತಿಯ ದಾರಿ ಬೇರೆ. ಒಲೆಯ ಮೇಲೆ ಏನಾದರೂ ಬೇಯುತ್ತಿದ್ದರೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ವೇದಪುಸ್ತಕ ಓದುತ್ತಿದ್ದಳು, ಕೈಯಲ್ಲಿ ಒಂದು ಮೋಟು ಪೆನ್ಸಿಲ್. ಓದುತ್ತಾ ಓದುತ್ತಾ ಪುಟದ ಅಂಚಿನಲ್ಲಿ ಏನೋ ಗೀಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇದೇನು ದಿನಸಿ ಚೀಟಿನಾ?" ಅಂತ ರೇಗಿದರೆ ಅವಳು ನಗುತ್ತಿದ್ದಳು. "ಒಳಗಿರೋದೆಲ್ಲ ನಿಮಗೆ ಬಾಯಿಪಾಠ ಅಲ್ವಾ, ಅಂಚನ್ನಾದ್ರೂ ನನಗೆ ಬಿಡಿ." ಅವಳು ತೀರಿಹೋಗಿ ಮೂರು ವರ್ಷವಾಯಿತು.

ಹೋದ ತಿಂಗಳು ಮಗಳ ಫೋನ್ ಬಂತು.

"ಅಪ್ಪ, ನಿಮ್ಮ ಮೊಮ್ಮಗಳು ತಲೆ ತಿಂತಿದ್ದಾಳೆ. ದೇವರು ಅಂದ್ರೆ ಯಾರು, ಅಜ್ಜಿ ಕಣ್ಣು ಮುಚ್ಕೊಂಡು ಯಾರ ಹತ್ರ ಮಾತಾಡ್ತಿದ್ರು ಅಂತ. ನನಗೆ ಹೇಳೋಕೆ ಬರ್ತಾ ಇಲ್ಲ. ಅಮ್ಮನ ಪುಸ್ತಕ ಕೊಡ್ತೀರಾ? ಇಬ್ರೂ ಕೂತು ಓದ್ತೀವಿ. ಭಾನುವಾರ ಬರ್ತೀವಿ."

ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗಾಯಿತು. ಇಪ್ಪತ್ತು ವರ್ಷ ನಾನು ಬೇಡಿಕೊಂಡಿದ್ದು ಇದೊಂದನ್ನೇ. ಎಂಟು ವರ್ಷದ ಮಗು ವೇದ ಹಿಡಿದರೆ ತಾಯಿಯೂ ಅದರ ಹಿಂದೆ ಬಂದೇ ಬರುತ್ತಾಳೆ. ಈ ಸಲ ಬಾಯಿಬಿಟ್ಟು ಕೆಡಿಸಬಾರದು, ನನ್ನ ಕೈಗೆ ಗೊತ್ತಿರುವ ಕೆಲಸ ಮಾತ್ರ ಮಾಡಬೇಕು ಅಂದುಕೊಂಡೆ.

ಪುಸ್ತಕದ ಬೆನ್ನು ಕಿತ್ತುಹೋಗಿತ್ತು, ಅಂಚು ಎಣ್ಣೆಗೈ ತಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಅಂಗಡಿಗೆ ಒಯ್ದು ಹಳೆಯ ದಾರ ಬಿಚ್ಚಿ ಹೊಸದಾಗಿ ಹೊಲಿದೆ. ಪೆನ್ಸಿಲ್ ಗೀಚು ಅಳಿಸಲು ರಬ್ಬರ್ ಹಿಡಿದರೆ ತೆಳು ಹಾಳೆ ಹರಿಯುವ ಹಾಗಿತ್ತು. ಹಳೆಯ ಕಾಲದ ಮುದ್ರಣ, ಅಂಚು ಎರಡು ಬೆರಳು ಅಗಲ. ಕತ್ತರಿಸುವ ಯಂತ್ರಕ್ಕೆ ಕೊಟ್ಟು ಮೂರೂ ಕಡೆ ಸವರಿಬಿಟ್ಟೆ. ಅಚ್ಚಾದ ಒಂದಕ್ಷರಕ್ಕೂ ಬ್ಲೇಡು ತಾಗಲಿಲ್ಲ. ನೀಲಿ ಚರ್ಮದ ಹೊದಿಕೆ ಹಾಕಿ, ಬೆನ್ನಿಗೆ ಬಂಗಾರದ ಗೆರೆ ಎಳೆದೆ. ಅಷ್ಟು ಚಂದದ ಪುಸ್ತಕ ನನ್ನ ಕೈಯಿಂದ ಹಿಂದೆಂದೂ ಹೊರಬಿದ್ದಿರಲಿಲ್ಲ. ಕೆಳಗೆ ಬಿದ್ದ ಚೂರುಗಳನ್ನು ಗುಡಿಸಿ ರದ್ದಿ ಚೀಲಕ್ಕೆ ತುಂಬಿದೆ. ಶುಕ್ರವಾರ ಚೀಲ ಕಾಗದದ ಕಾರ್ಖಾನೆಗೆ ಹೋಯಿತು.

ಭಾನುವಾರ ಇಬ್ಬರೂ ಬಂದರು. ಮೊಮ್ಮಗಳು ಬಂಗಾರದ ಗೆರೆಯ ಮೇಲೆ ಬೆರಳಾಡಿಸಿ, "ತಾತ, ಇದು ನಿಜವಾದ ಚಿನ್ನಾನಾ?" ಅಂದಳು. ಮಗಳು ಪುಸ್ತಕ ತೆರೆದು ನಡುವಿನ ಕೀರ್ತನೆಗಳಿಗೆ ಹೋದಳು. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಆಮೇಲೆ ಬೇಗ ಬೇಗ ತಿರುವತೊಡಗಿದಳು. ನನ್ನ ಕೆಲಸ ನೋಡುತ್ತಿದ್ದಾಳೆ ಅಂದುಕೊಂಡು ನಾನು ಒಳಗೊಳಗೇ ಬೀಗಿದೆ.

"ಅಮ್ಮ ಬರ್ದಿದ್ದು ಎಲ್ಲಿ ಅಪ್ಪ?"

"ಆ ಗೀಚಾ? ತೆಗೆದು ನೀಟು ಮಾಡಿದೀನಿ. ಮಗು ಓದೋ ಪುಸ್ತಕ ಅಲ್ವಾ."

ಅವಳು ಸವರಿದ ಅಂಚಿನ ಮೇಲೆ ಬೆರಳಿಟ್ಟಳು. ಚಿಕ್ಕ ಮಗುವಿಗೆ ಬಿಡಿಸಿ ಹೇಳುವ ಹಾಗೆ ನನಗೆ ಹೇಳಿದಳು.

"ನಾನು ಮನೆ ಬಿಟ್ಟ ಮೇಲೆ ಅಮ್ಮ ವಾರ ವಾರ ಫೋನ್ ಮಾಡೋರು. ಕೆಲಸ ಹೋದಾಗ, ಇವಳು ಹುಟ್ಟಿ ಆಸ್ಪತ್ರೇಲಿದ್ದಾಗ, ಪ್ರತಿ ಸಲ ಇದನ್ನೇ ಹೇಳೋರು. 'ಇವತ್ತು ಓದಿದ ಕಡೆ ನಿನ್ನ ಹೆಸರು ಬರ್ದು, ನಿನಗೋಸ್ಕರ ಏನು ಕೇಳಿದೆ ಅಂತಾನೂ ಬರ್ದಿದೀನಿ. ನೀನೀಗ ನಂಬಬೇಡ, ಪರವಾಗಿಲ್ಲ. ಒಂದಿನ ಬಂದು ಓದು' ಅಂತ. ಇಷ್ಟು ವರ್ಷ ಓದೋಕೆ ಧೈರ್ಯ ಬರ್ಲಿಲ್ಲ ಅಪ್ಪ. ಈಗ ಬಂದೆ."

ರದ್ದಿ ಚೀಲ ಹೋಯಿತು ಅನ್ನುವುದನ್ನು ಹೇಗೆ ಹೇಳಿದೆನೋ ಗೊತ್ತಿಲ್ಲ.

"ಒಂದಾದ್ರೂ ನೆನಪಿದ್ಯಾ? ಒಂದೇ ಒಂದು ಸಾಲು?"

ಅಧ್ಯಾಯಗಟ್ಟಲೆ ಅರೆದು ಕುಡಿದವನು ನಾನು. ಯಾವ ವಚನ ಎಲ್ಲಿದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಹೆಂಡತಿ ಬರೆದಿದ್ದರಲ್ಲಿ ಒಂದು ಪದವೂ ನನಗೆ ಬರಲಿಲ್ಲ. ಮರೆತಿದ್ದಲ್ಲ. ನಾನು ಯಾವತ್ತೂ ಓದಿರಲೇ ಇಲ್ಲ. ಯಂತ್ರಕ್ಕೆ ಕೊಡುವಾಗಲೂ ಓದಲಿಲ್ಲ.

ಮಗಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಪುಸ್ತಕ ಮುಚ್ಚಿ, ಮೇಜಿನ ಮೇಲೆ ಮೆಲ್ಲಗೆ ನನ್ನ ಕಡೆ ಸರಿಸಿದಳು.

"ತುಂಬಾ ಚೆನ್ನಾಗಿ ಕಟ್ಟಿದೀರ ಅಪ್ಪ. ಆದ್ರೆ ಇದು ನಿಮ್ಮ ಪುಸ್ತಕ. ನಾನು ಅಮ್ಮಂದು ಕೇಳಿದ್ದು."

"ಮಗು ಕೇಳೋದಕ್ಕೆ ನಾನು ಉತ್ತರ ಹೇಳ್ತೀನಮ್ಮ. ನನಗೆ ಎಲ್ಲಾ ಗೊತ್ತು," ಅಂದೆ. ಅಂದ ಕೂಡಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಗೊತ್ತು ಅಪ್ಪ, ನಿಮಗೆ ಎಲ್ಲಾ ಗೊತ್ತು," ಅಂದಳು. ಅದರಲ್ಲಿ ಕೊಂಕಿರಲಿಲ್ಲ, ಬರೀ ಸುಸ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಲು ಹೊರಗೆ ಹೋದಳು.

ಮೊಮ್ಮಗಳು ಮಾತ್ರ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು. ನಮ್ಮ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ತಾತ, ಅಜ್ಜಿ ನಿಮ್ಮ ಹೆಸರೂ ಬರ್ದಿದ್ರಾ? ನಿಮಗೋಸ್ಕರ ಏನು ಕೇಳಿದ್ರು?"

ಬಾಗಿಲ ಆಚೆಯಿಂದ ಮಗಳು ಕರೆದಳು. ಮಗು ಹೋಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು.

"ಗೊತ್ತಿಲ್ಲ ಕಂದ," ಅಂದೆ. ವೇದದ ವಿಷಯದಲ್ಲಿ ಆ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು.